ವಾರಗಿತ್ತಿಗೆ ಮರೆಯಲ್ಲಿ ನಿಂತು ಮಾರಿದ ಹೆಸರು

ಮಾನ್ಯ ನಿಯಂತ್ರಣಾಧಿಕಾರಿಗಳೇ,

ಡೊಮೈನ್ ಹೆಸರುಗಳನ್ನು, ಅಂದರೆ ಜಾಲತಾಣಗಳ ವಿಳಾಸಗಳನ್ನು, ಕೊಂಡು ಮಾರುವ ಆನ್‌ಲೈನ್ ಮಾರುಕಟ್ಟೆ ತಮ್ಮ ಸುಪರ್ದಿಯಲ್ಲಿದೆ. ಅಲ್ಲಿ ಮಾರುವವರು ತಾವು ಯಾರೆಂದು ಹೇಳಬೇಕಾಗಿಲ್ಲ ಎಂಬುದು ನನ್ನ ದೂರು. ಇಂಥ ದೂರು ತಮಗೆ ಹೊಸದಿರಲಾರದು. ಮೋಸಹೋದ ಕೊಳ್ಳುಗರು ದಿನಾ ಬರೆಯುತ್ತಿರಬಹುದು. ನಾನು ಮಾರಿದವಳು. ಮೋಸ ಮಾಡಿದವಳೂ ನಾನೇ. ತಮ್ಮ ನಿಯಮಾವಳಿಯ ಒಂದಕ್ಷರವನ್ನೂ ಮೀರದೆ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಬುತ್ತಿಯ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಮಾಡಿದೆ. ಅಷ್ಟು ಸುಲಭವಾಗಿತ್ತು ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ಮಾರಾಟದ ಅರ್ಜಿಯನ್ನು ತಾವು ಎಂದಾದರೂ ತುಂಬಿ ನೋಡಿದ್ದೀರಾ? ಹಣ ಯಾವ ಖಾತೆಗೆ ಹೋಗಬೇಕು ಎಂಬ ಪ್ರಶ್ನೆಗೆ ಕೆಂಪು ಚುಕ್ಕೆ ಇದೆ. ಅದನ್ನು ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಮಾರುವವರ ಹೆಸರೇನು, ಈ ಡೊಮೈನನ್ನು ಮೊದಲು ಯಾವುದಕ್ಕೆ ಬಳಸುತ್ತಿದ್ದರು, ಈಗ ಯಾಕೆ ಮಾರುತ್ತಿದ್ದೀರಿ ಎಂಬ ಪ್ರಶ್ನೆಗಳ ಪಕ್ಕದಲ್ಲಿ ಮಾತ್ರ ‘ಇಚ್ಛಿಸಿದಲ್ಲಿ’ ಎಂದು ಬರೆದಿದೆ. ಕೊಳ್ಳುವವರಿಗೂ ನಿಮಗೂ ಏನು ಸಂಬಂಧ ಎಂಬ ಪ್ರಶ್ನೆಯೇ ಇಲ್ಲ. ಹಳೆಯ ಸೈಕಲ್ ತಳ್ಳಿಕೊಂಡು ಹೋದರೆ ಗುಜರಿಯವನು ಸಹ “ಇದು ಯಾರ್ದಮ್ಮ?” ಎಂದು ಕೇಳುತ್ತಾನೆ. ತಮ್ಮ ಕಚೇರಿ ಅವನಿಗಿಂತ ಸಭ್ಯವಾದದ್ದು, ಕೇಳುವುದಿಲ್ಲ. ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿರುವ ಹೆಂಗಸಿನ ಮುಂದೆ ‘ಇಚ್ಛಿಸಿದಲ್ಲಿ ತಿಳಿಸಿ’ ಎಂದು ಕಾಗದ ಹಿಡಿದರೆ ಅವಳು ಏನನ್ನು ಇಚ್ಛಿಸುತ್ತಾಳೆಂದು ತಾವು ಎಣಿಸಿದ್ದಿರಿ?

ನಮ್ಮದು ಬೂಟು ಹೊಲಿಯುವ ಮನೆ. ಒಂದು ಕಾಲು ಗಿಡ್ಡ ಇರುವವರು, ಪಾದ ತಿರುಚಿಕೊಂಡವರು, ಅಪಘಾತದಲ್ಲಿ ಬೆರಳು ಹೋದವರು ಬಂದು ಅಳತೆ ಕೊಟ್ಟು ಮಾಡಿಸಿಕೊಳ್ಳುವ ಬೂಟು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣಬೇಕು. ಒಳಗೆ ಒಂದರಲ್ಲಿ ಮಾತ್ರ ಎರಡು ಬೆರಳು ದಪ್ಪದ ಕಾರ್ಕ್ ಕೂತಿರಬೇಕು. ಅತ್ತೆ ಈ ಕೆಲಸವನ್ನು ಮಾವನಿಂದ ಕಲಿತು, ಅವರು ಹೋದ ಮೇಲೆ ಒಬ್ಬರೇ ನಡೆಸಿಕೊಂಡು ಬಂದರು. ಗಂಡುಮಕ್ಕಳಿಬ್ಬರೂ ಅಂಟಿನ ವಾಸನೆಗೆ ತಲೆ ನೋಯುತ್ತದೆ ಎಂದು ಬೇರೆ ನೌಕರಿ ಹಿಡಿದರು. ಅತ್ತೆಯ ಜೊತೆ ಉಳಿದವರು ಸೊಸೆಯರಿಬ್ಬರು. ನಾನು ಹಿರಿಯವಳು, ವಾರಗಿತ್ತಿಗಿಂತ ಒಂಬತ್ತು ವರ್ಷ ಮೊದಲು ಆ ಮನೆಗೆ ಬಂದವಳು.

ಆ ಒಂಬತ್ತು ವರ್ಷದಲ್ಲಿ ನಾನು ಕಲಿತದ್ದನ್ನು ಅವಳು ಒಂದೇ ವರ್ಷದಲ್ಲಿ ಕಲಿತಳು. ಬೇರೆ ಯಾರಾದರೂ ಹೀಗೆ ಬರೆದರೆ ಉತ್ಪ್ರೇಕ್ಷೆ ಎನ್ನಬಹುದು. ಬರೆಯುತ್ತಿರುವವಳು ನಾನು, ಇದನ್ನು ಒಪ್ಪಿಕೊಳ್ಳಲು ನನಗೆ ಹದಿನಾಲ್ಕು ವರ್ಷ ಹಿಡಿದಿದೆ. ನಾನು ಎಳೆದೂ ಎಳೆದೂ ಪಾದದಾಕಾರದ ಮರದ ಅಚ್ಚಿಗೆ ಕೂರಿಸಬೇಕಾದ ಚರ್ಮ ಅವಳ ಕೈಯಲ್ಲಿ ಒದ್ದೆ ಬಟ್ಟೆಯಂತೆ ಬಾಗುತ್ತಿತ್ತು. ಗಿರಾಕಿಗಳು ಅವಳನ್ನು ಸಣ್ಣಕ್ಕ ಎಂದು ಕರೆಯತೊಡಗಿದರು. ನಾನು ಕಾಲಿನ ಅಳತೆಗೆ ಟೇಪು ಹಿಡಿದು ಬಗ್ಗಿದರೆ, “ಸಣ್ಣಕ್ಕ ಇಲ್ವಾ? ಪರವಾಗಿಲ್ಲ, ಆಮೇಲೆ ಬರ್ತೀನಿ” ಎಂದು ಕಾಲು ಹಿಂದಕ್ಕೆ ಎಳೆದುಕೊಂಡವರಿದ್ದಾರೆ. ಎಳೆದುಕೊಂಡ ಆ ಕಾಲುಗಳ ಅಳತೆಯೆಲ್ಲ ಇವತ್ತಿಗೂ ನನ್ನ ತಲೆಯಲ್ಲಿದೆ.

ಆದರೆ ಹೆಸರು ನನ್ನದು. ಅಂಗಡಿಗೆ ಮೊದಲು ಹೆಸರೇ ಇರಲಿಲ್ಲ. ಜನ ‘ಬೂಟಿನಮ್ಮನ ಅಂಗಡಿ’ ಎನ್ನುತ್ತಿದ್ದರು. ನಮ್ಮಲ್ಲಿ ಬೂಟು ಮಾಡಿಸುತ್ತಿದ್ದ ಮೇಷ್ಟರೊಬ್ಬರು ಜಾಲತಾಣ ಮಾಡಿ, ದೂರದವರಿಗೂ ತಿಳಿಯುತ್ತದೆ ಎಂದಾಗ ಯೋಚಿಸಿ ‘ಜೋಡುಹೆಜ್ಜೆ’ ಎಂದು ಇಟ್ಟವಳು ನಾನು. ಡೊಮೈನ್ ನೋಂದಾಯಿಸಿದ್ದು ನನ್ನ ಹೆಸರಿನಲ್ಲಿ, ನನ್ನ ಫೋನಿನಿಂದ. ದೂರದ ಊರುಗಳಿಂದ ಕಾಲಿನ ಚಿತ್ರ ಬರೆದ ಕಾಗದಗಳು ಬರತೊಡಗಿದವು. ಬೋರ್ಡಿನ ಮೇಲೂ ಅದೇ ಹೆಸರು ಬಂತು. ಇದೊಂದು ವಿಷಯದಲ್ಲಿ ಅವಳು ನನ್ನ ಹಿಂದೆ ಇದ್ದಳು.

ಮುಂದೆ ಅತ್ತೆಯ ಕೈ ನಡುಗತೊಡಗಿತು. ಅವರದ್ದೊಂದು ಹಳೆಯ ಕಬ್ಬಿಣದ ಯಂತ್ರವಿತ್ತು. ಅಟ್ಟೆಗೆ, ಅಂದರೆ ಬೂಟಿನ ತಳಕ್ಕೆ, ಚರ್ಮ ಸೇರಿಸಿ ಹೊಲಿಯುವಂಥದ್ದು, ಮಾವ ಬಿಟ್ಟುಹೋದದ್ದು. ಒಂದು ಮಧ್ಯಾಹ್ನ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಅತ್ತೆ ನನಗೆ ಹೇಳಿದರು: “ನಿಂಗೆ ಮಾತು ಬರುತ್ತೆ, ನೀನು ಹೇಗಾದ್ರೂ ಬದುಕ್ತೀಯ. ಮೆಷಿನ್ ಅವಳ ಹತ್ರ ಇರ್ಲಿ.” ನಾನು “ಆಯ್ತು ಅತ್ತೆ” ಎಂದೆ. ತಿಂಗಳೊಳಗೆ ಅಂಗಡಿ ಬಿಟ್ಟು, ಊರಿನ ಇನ್ನೊಂದು ತುದಿಯ ದೊಡ್ಡ ಶೂ ಮಳಿಗೆಯಲ್ಲಿ ಡಬ್ಬಿ ತೆಗೆದು ಡಬ್ಬಿ ಮುಚ್ಚುವ ಕೆಲಸಕ್ಕೆ ಸೇರಿದೆ. ಹೋಗುವ ಮುಂಚೆ ಜಾಲತಾಣವನ್ನು ಅಳಿಸಿದೆ. ಹೆಸರನ್ನು ಮಾತ್ರ ಪ್ರತಿ ವರ್ಷ ನವೀಕರಿಸುತ್ತಿದ್ದೆ.

“ಉಪಯೋಗ ಇಲ್ಲದ್ದಕ್ಕೆ ಯಾಕೆ ದುಡ್ಡು ಕಟ್ತೀಯ?” ಎಂದು ನಮ್ಮ ಮನೆಯವರು ಒಮ್ಮೆ ಕೇಳಿದರು.

“ಇರ್ಲಿ ಬಿಡಿ” ಎಂದೆ.

ಅವಳಿಗೆ ಸಿಗದಿರಲಿ ಎಂಬುದು ಅದರ ಅರ್ಥ. ಆಮೇಲೆ ದುಡ್ಡು ಕಟ್ಟುವುದನ್ನು ನಿಲ್ಲಿಸಿದೆ ಎಂದು ಅವರಿಗೆ ಸುಳ್ಳು ಹೇಳಿ, ಹೆಸರಿನ ಅವಧಿ ಮುಗಿದು ಯಾರೋ ಹೊರಗಿನವರು ಹಿಡಿದುಕೊಂಡರಂತೆ ಎಂದು ಅವರ ಬಾಯಿಂದಲೇ ಅವಳಿಗೆ ಹೇಳಿಸಿಯೂ ಇದ್ದೆ. ಪಾಪ, ಅವರು ಅದನ್ನೇ ನಿಜವೆಂದುಕೊಂಡಿದ್ದರು.

ಅತ್ತೆ ತೀರಿಕೊಂಡ ಎರಡನೇ ವರ್ಷ ಪತ್ರಿಕೆಯೊಂದರಲ್ಲಿ ವಾರಗಿತ್ತಿಯ ಬಗ್ಗೆ ಅರ್ಧ ಪುಟದ ಲೇಖನ ಬಂತು. ಯಂತ್ರದ ಮುಂದೆ ಕೂತ ಫೋಟೋ. ಕೆಳಗೆ ‘ಜೋಡುಹೆಜ್ಜೆಯ ಒಡತಿ’ ಎಂದು ಬರೆದಿತ್ತು. ನಮ್ಮ ಮಳಿಗೆಯ ಮ್ಯಾನೇಜರ್ ಅದನ್ನು ಕತ್ತರಿಸಿ ಸಿಬ್ಬಂದಿ ಕೋಣೆಯ ಗೋಡೆಗೆ ಅಂಟಿಸಿ, “ಕೆಲಸ ಅಂದ್ರೆ ಹೀಗಿರ್ಬೇಕು ನೋಡಿ” ಎಂದು ನನಗೇ ತೋರಿಸಿದರು. ಅವತ್ತಿನ ಊಟದ ಬಿಡುವಿನಲ್ಲಿ ನಾನು ತಮ್ಮ ಮಾರುಕಟ್ಟೆಯ ಬಾಗಿಲು ತಟ್ಟಿದೆ. ಅದು ತಟ್ಟುವ ಮೊದಲೇ ತೆರೆದಿತ್ತು.

‘ಜೋಡುಹೆಜ್ಜೆ’ ಎಂದು ಹುಡುಕಿದರೆ ಬರುವ ಖಾಲಿ ಪುಟದಲ್ಲಿ ‘ಮಾರಾಟಕ್ಕಿದೆ’ ಎಂಬ ಸಾಲು ಬಂದ ಮೂರನೇ ದಿನ ಅವಳ ಸಂದೇಶ ಬಂತು. ತಮ್ಮ ವ್ಯವಸ್ಥೆಯಲ್ಲಿ ಕೊಳ್ಳುವವರ ಹೆಸರು, ವಿಳಾಸ, ಫೋನು ಎಲ್ಲವೂ ಕಡ್ಡಾಯ. ಹಾಗಾಗಿ ನಾನು ಅವಳನ್ನು ನೋಡುತ್ತಿದ್ದೆ, ಅವಳಿಗೆ ನಾನು ಕಾಣುತ್ತಿರಲಿಲ್ಲ. ಇದನ್ನು ನ್ಯಾಯವೆಂದು ಕರೆದವರು ತಮ್ಮ ಕಚೇರಿಯಲ್ಲಿ ಯಾರು? ಅವಳು ಹೀಗೆ ಬರೆದಿದ್ದಳು:

“ನಮಸ್ಕಾರ. ನೀವು ಯಾರೋ ಗೊತ್ತಿಲ್ಲ. ಈ ಹೆಸರು ಇಟ್ಟಿದ್ದು ನಮ್ಮಕ್ಕ. ಸ್ವಂತ ಅಕ್ಕ ಅಲ್ಲ, ವಾರಗಿತ್ತಿ. ಪೇಪರಿನಲ್ಲಿ ನೋಡಿದವರು ಈ ಹೆಸರು ಹಾಕಿ ಹುಡುಕಿದ್ರೆ ಖಾಲಿ ಪುಟ ಬರ್ತಿದೆ. ಅದಕ್ಕೆ ಬೇಕು. ಇನ್ನೊಂದು ಕಾರಣ ಇದೆ. ಅತ್ತೆ ಕೊನೇ ತಿಂಗಳಲ್ಲಿ ಯಾರನ್ನೂ ಗುರುತು ಹಿಡೀತಿರ್ಲಿಲ್ಲ. ನನ್ನನ್ನು ಅಕ್ಕನ ಹೆಸರು ಹಿಡಿದೇ ಕರೀತಿದ್ರು. ನಾನೂ ಹೂಂ ಅತ್ತೆ ಅಂತ ಹೋಗ್ತಿದ್ದೆ. ಹೆಸರು ವಾಪಸ್ ಬಂದ್ರೆ ಅಕ್ಕನೂ ಬರಬಹುದು ಅಂತ ಒಂದು ಆಸೆ. ದಯವಿಟ್ಟು ಬೆಲೆ ನೋಡಿ ಹೇಳಿ.”

ಮಾನ್ಯರೇ, ಇದನ್ನು ಓದಿ ನನ್ನ ಮನಸ್ಸು ಕರಗಿತೆಂದು ತಾವು ತಿಳಿಯಬಾರದು. ಅತ್ತೆ ಕರೆದದ್ದು ನನ್ನ ಹೆಸರನ್ನು. ಅದಕ್ಕೂ ಓಗೊಟ್ಟವಳು ಅವಳೇ. ಇಡೀ ಜೀವಮಾನದಲ್ಲಿ ನನಗೆ ಸಿಗಬೇಕಾಗಿದ್ದ ಒಂದೇ ಒಂದು ಕರೆ ಬಂದಾಗ ಮಂಚದ ಪಕ್ಕದಲ್ಲಿ ಅವಳಿದ್ದಳು. ನಾನು ಶೂ ಡಬ್ಬಿಗಳ ನಡುವೆ ಇದ್ದೆ. ಅಲ್ಲೇ ಕೂತು ಉತ್ತರ ಬರೆದೆ: ‘ಇನ್ನೊಬ್ಬರು ಇದೇ ಹೆಸರನ್ನು ಕೇಳುತ್ತಿದ್ದಾರೆ. ಪಟ್ಟಿಯಲ್ಲಿರುವ ಬೆಲೆಯ ಎರಡರಷ್ಟು ಕೊಡಲು ಸಿದ್ಧರಿದ್ದಾರೆ. ತಮ್ಮ ನಿರ್ಧಾರ ಬೇಗ ತಿಳಿಸಿ.’ ಇನ್ನೊಬ್ಬರು ಯಾರೂ ಇರಲಿಲ್ಲ. ಇದ್ದಾರೆಯೇ ಎಂದು ತಮ್ಮ ವ್ಯವಸ್ಥೆ ನನ್ನನ್ನು ಕೇಳಲಿಲ್ಲ. ಅವಳು “ಒಂದು ವಾರ ಟೈಮ್ ಕೊಡಿ” ಎಂದಳು. ಆರನೇ ದಿನ ಹಣ ಬಂತು. ತಮ್ಮ ಕಡೆಯಿಂದ ನನಗೊಂದು ಪತ್ರವೂ ಬಂತು; ಅದರಲ್ಲಿ ‘ಅಭಿನಂದನೆಗಳು’ ಎಂದಿತ್ತು.

ಮುಂದಿನ ವಾರದ ರಜೆಯ ದಿನ ನಾನು ಆ ಅಂಗಡಿಗೆ ಹೋದೆ. ಯಾಕೆ ಹೋದೆ ಎಂದರೆ, ಗೆದ್ದವರಿಗೆ ಸೋತವರ ಮುಖ ನೋಡುವ ಚಪಲ ಇರುತ್ತದೆ, ಅದಕ್ಕೆ. ಅವಳ ಮುಖದಲ್ಲಿ ಸೋಲು ಕಾಣಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು ಎದ್ದು ಬಂದಳು.

“ಬನ್ನಿ ಅಕ್ಕ. ಎಷ್ಟು ವರ್ಷ ಆಯ್ತು. ನಿಮಗೊಂದು ತೋರಿಸ್ಬೇಕು” ಎಂದು ಫೋನು ತೆಗೆದು ನನ್ನ ಮುಂದೆ ಹಿಡಿದಳು. “ನಿಮ್ಮ ಹೆಸರು ವಾಪಸ್ ಸಿಕ್ತು ನೋಡಿ.”

ನಾನು ಫೋನು ನೋಡಲಿಲ್ಲ. ಕಿಟಕಿಯ ಕೆಳಗೆ ಯಂತ್ರವಿದ್ದ ಜಾಗ ಖಾಲಿಯಾಗಿತ್ತು. ನೆಲದಲ್ಲಿ ಅದರ ನಾಲ್ಕು ಕಾಲುಗಳ ಗುರುತು ಮಾತ್ರ ಇತ್ತು.

“ಮೆಷಿನ್ ಎಲ್ಲಿ?”

“ಕೊಟ್ಬಿಟ್ಟೆ. ಒಂದು ಬಟ್ಟೆ ಅಂಗಡಿಯವರು ಗಾಜಿನ ಕಿಟಕಿಲಿ ಚೆಂದಕ್ಕೆ ಇಡೋದಕ್ಕೆ ಕೇಳ್ತಾನೇ ಇದ್ರು. ಇನ್ಮೇಲೆ ಕೈಯಲ್ಲೇ ಹೊಲಿದ್ರಾಯ್ತು. ಹೆಸರು ಇನ್ನೊಬ್ಬರ ಪಾಲಾಗಿದ್ರೆ ಮತ್ತೆ ಸಿಗ್ತಿತ್ತಾ?”

ಅತ್ತೆ ನನಗೆ ಕೊಡದ ಯಂತ್ರ ಅದು. ಅವಳ ಬಳಿಯೂ ಇರಬಾರದೆಂದು ಎಷ್ಟು ಸಲ ಅಂದುಕೊಂಡಿದ್ದೆನೋ ಲೆಕ್ಕವಿಲ್ಲ. ಅಂದುಕೊಂಡದ್ದು ಆಗಿತ್ತು. ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತೆ.

“ಮಾರಿದ್ದು ನಾನೇ” ಎಂದೆ.

ಅವಳು ಫೋನನ್ನು ಆರಿಸಿ ಬೆಂಚಿನ ಮೇಲೆ ಇಟ್ಟಳು.

“ಇನ್ನೊಬ್ರು ಕೇಳ್ತಿದ್ದಾರೆ ಅಂದ್ರಲ್ಲ, ಅವರು ಯಾರು?”

“ಯಾರೂ ಇರ್ಲಿಲ್ಲ.”

“ಹೆಸರು ನಿಮ್ದು, ಬೆಲೆ ನಿಮ್ಮಿಷ್ಟ. ಕೇಳಿದ್ರೆ ಕೊಡ್ತಿದ್ದೆ” ಎಂದಳು. “ಇಲ್ಲದವರನ್ನ ಯಾಕೆ ತಂದು ನಿಲ್ಲಿಸಿದ್ರಿ? ಆರು ದಿನ ನಾನು ಅವರ ಜೊತೆ ಪೈಪೋಟಿಗೆ ಓಡಿದೆನಲ್ಲ.”

ಹಣ ಹಿಂದಕ್ಕೆ ಕೊಡುತ್ತೇನೆ ಎಂದೆ. ಮೆಷಿನ್ ತಂದುಕೊಡಿ ಸಾಕು ಎಂದಳು. ಬಟ್ಟೆ ಅಂಗಡಿಗೆ ಹೋಗಿ ಕೈ ಮುಗಿದೆ. ಯಂತ್ರದ ಮೇಲೆ ಶಾಲು ಹೊದಿಸಿ, ಚಕ್ರಕ್ಕೆ ರಿಬ್ಬನ್ ಕಟ್ಟಿದ್ದರು. “ಗಿರಾಕಿಗಳು ಫೋಟೋ ತೆಗೆಸ್ಕೊಳ್ತಾರಮ್ಮ, ಕೊಡಕ್ಕಾಗಲ್ಲ” ಎಂದರು. ಬಳಿಕ ತಮ್ಮ ಕಚೇರಿಗೆ ಬರೆದೆ: ಕೊಳ್ಳುವವರಿಗೆ ಸುಳ್ಳು ಹೇಳಿ ಮಾರಿದ್ದೇನೆ, ಈ ವ್ಯವಹಾರವನ್ನು ರದ್ದುಪಡಿಸಿ, ಬೇಕಾದರೆ ನನಗೆ ದಂಡ ಹಾಕಿ ಎಂದು. ಹತ್ತೊಂಬತ್ತು ದಿನದ ಮೇಲೆ ಉತ್ತರ ಬಂತು. ‘ಸದರಿ ವ್ಯವಹಾರವು ನಿಯಮಾನುಸಾರ ಮುಕ್ತಾಯಗೊಂಡಿದ್ದು, ಮಾರಾಟಗಾರರಿಂದ ಯಾವುದೇ ಲೋಪವಾಗಿರುವುದಿಲ್ಲ.’ ತಪ್ಪೊಪ್ಪಿಕೊಂಡು ಬಂದವಳನ್ನೂ ನಿರ್ದೋಷಿಯೆಂದು ಹೊರಗೆ ಕಳಿಸುವಷ್ಟು ದಯೆ ತಮ್ಮಲ್ಲಿದೆ ಎಂದು ನಾನು ಭಾವಿಸಿರಲಿಲ್ಲ.

ಈಗ ನಾನು ಮಂಗಳವಾರ ಮತ್ತು ಶುಕ್ರವಾರ ಆ ಅಂಗಡಿಗೆ ಹೋಗಿ ಅಟ್ಟೆಗೆ ಕೈಹೊಲಿಗೆ ಹಾಕಿಕೊಡುತ್ತೇನೆ. ನಾನಾಗಿ ಕೇಳಿದೆ, ಅವಳು ಬೇಡ ಎನ್ನಲಿಲ್ಲ. ಒಂದು ಜೊತೆಗೆ ಇಡೀ ದಿನ ಬೇಕು. ಅವಳು ಹಾಕುವ ಹೊಲಿಗೆ ನನ್ನದಕ್ಕಿಂತ ಸಮವಾಗಿ ಬರುತ್ತದೆ. ಕಂಡಾಗೆಲ್ಲ ಒಳಗೆ ಚುರುಕ್ಕೆನ್ನುತ್ತದೆ. ಮಾತು ಕೆಲಸದಷ್ಟೇ. “ಇದು ಹಿಡ್ಕೊಳ್ಳಿ”, “ಅದು ಕೊಡಿ” ಎನ್ನುತ್ತಾಳೆ. ಅಕ್ಕ ಎನ್ನುವುದನ್ನು ಬಿಟ್ಟಿದ್ದಾಳೆ.

ಮಾರುವವರ ಗೋಪ್ಯತೆ ಕಾಪಾಡಬೇಕು ಎಂಬ ತಮ್ಮ ವಾದ ನನಗೆ ತಿಳಿಯದ್ದಲ್ಲ. ಜೀವಭಯದಿಂದ ವಿಳಾಸ ಮರೆಮಾಡಬೇಕಾದವರು ಇರುತ್ತಾರೆ. ಅಂಥವರು ಕಾರಣವನ್ನು ತಮ್ಮ ಕಚೇರಿಗೆ ತಿಳಿಸಲಿ. ಕಚೇರಿಗೆ ಗೊತ್ತಿದೆ ಎಂಬುದು ಕೊಳ್ಳುವವರಿಗೆ ತಿಳಿಯಲಿ. ಉಳಿದವರಿಗೆ ಯಾವ ಭಯ? ನನಗಿದ್ದದ್ದು ಒಂದೇ ಭಯ, ಅವಳಿಗೆ ನಾನು ಕಾಣಿಸಿಬಿಟ್ಟೇನು ಎಂಬುದು. ಅದನ್ನು ಕಾಪಾಡುವುದು ಸರ್ಕಾರದ ಕೆಲಸವೇ?

ಆದ್ದರಿಂದ ನನ್ನ ಒತ್ತಾಯವಿಷ್ಟು. ಮಾರುವವರ ನಿಜವಾದ ಹೆಸರು, ಆ ಡೊಮೈನಿನ ಹಿಂದಿನ ಬಳಕೆ, ಕೊಳ್ಳುವವರೊಂದಿಗಿನ ಸಂಬಂಧ ಇವುಗಳನ್ನು ಹೇಳದೆ ಯಾವ ಹೆಸರೂ ಮಾರಾಟಕ್ಕೆ ಬರಕೂಡದು. ಇನ್ನೊಬ್ಬರು ಹೆಚ್ಚು ಕೊಡುತ್ತಾರೆ ಎನ್ನುವವರು ಆ ಬೇಡಿಕೆಯನ್ನು ಎಲ್ಲರಿಗೂ ಕಾಣುವಂತೆ ಮುಂದಿಡಬೇಕು. ಸುಳ್ಳು ಹೇಳಿ ಮಾರಿದ್ದನ್ನು ಮುರಿಯುವ ಅಧಿಕಾರ ತಮಗೆ ಇರಬೇಕು. ಇಲ್ಲವಾದರೆ ಅದನ್ನು ಪಡೆದುಕೊಳ್ಳಬೇಕು. ಮಾರುವವರ ಮನಸ್ಸು ತಿಳಿಯಾಗಲಿ ಎಂದು ದಯವಿಟ್ಟು ಕಾಯಬೇಡಿ. ನನ್ನದು ಐವತ್ತೆರಡನೇ ವಯಸ್ಸಿನಲ್ಲೂ ಆಗಿಲ್ಲ, ಆಗುವ ಸೂಚನೆಯೂ ಕಾಣುತ್ತಿಲ್ಲ. ನನ್ನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿಯಮ ಬರೆಯಿರಿ. ಒಳ್ಳೆಯವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಇಂತಿ,
ತಮ್ಮ ವಿಶ್ವಾಸಕ್ಕೆ ಅರ್ಹಳಲ್ಲದ,
ಒಬ್ಬ ಹಿರಿಯ ಸೊಸೆ