ಹಾಲಿಲ್ಲದ ಎಳನೀರು ಐಸು

ಮರಿಸ್ವಾಮಿ,

ನಮ್ಮ ಮಗು ನಿಂಗಾಜಿಯನ್ನು ಮದ್ದೂರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಜಟಕಾ ಬಾಗಿಲಲ್ಲಿ ನಿಂತಿದೆ. ಮಗುವಿನ ತುಟಿ, ಕಣ್ಣು ಊದಿಕೊಂಡಿವೆ, ಉಸಿರಾಡುವುದಕ್ಕೆ ಒದ್ದಾಡುತ್ತಿದೆ. ಹಾಲು ನಾಲಿಗೆಗೆ ಸೋಕಿದರೆ ಅವಳಿಗೆ ಹೀಗಾಗುತ್ತದೆ ಎಂದು ನಿನಗೆ ಹೊಸದಾಗಿ ಹೇಳಬೇಕೇನೋ?

ಸ್ಟೇಷನ್ನಿನಲ್ಲಿ ಮಾರುವ ಡಬ್ಬದ ಮೇಲೆ ‘ಹಾಲಿಲ್ಲದ ಎಳನೀರು ಐಸು’ ಎಂದು ನೀನೇ ಬಣ್ಣದಲ್ಲಿ ಬರೆದಿದ್ದೀಯ. ಅದಕ್ಕೆ ಕೋವಾ ಕಲಸುತ್ತೀಯೆಂದು ನಿನ್ನತ್ತಿಗೆಗೆ ಗೊತ್ತಾಗಿದ್ದು ಈಗ, ಡಬ್ಬ ಮೂಸಿ ನೋಡಿದ ಮೇಲೆ. ಅವ್ವ ಬೇರೆ ನಿನ್ನ ಪರ ವಹಿಸಿ, “ಕಾಸಿ ಕಾಸಿ ಇಂಗ್ಸುದ್ ಮ್ಯಾಲೆ ಅದ್ರಲ್ಲಿ ಆಲೆಲ್ಲೈತೆ ಬುಡ್ಲಾ” ಅನ್ನುತ್ತಾಳೆ. ನೀನೂ ಅದನ್ನೇ ಅನ್ನುವವನು. ಇಂಗಿದ್ದು ನೀರು ಕಣ್ಲಾ, ಹಾಲಲ್ಲ.

ಡಬ್ಬದಲ್ಲಿ ಮಿಕ್ಕಿದ್ದನ್ನು ತಿಪ್ಪೆಗೆ ಸುರಿ. ಒಂದು ಚೂರೂ ಮಾರಕೂಡದು. ನಾಟಿ ಔಷಧಿ ಕುಡಿದು ಹಾಲು ಬಿಟ್ಟು ಪಥ್ಯದಲ್ಲಿರುವವರೂ ನಿನ್ನ ಆ ಬರಹ ನಂಬಿಕೊಂಡೇ ಬರುತ್ತಾರೆ. ಹಸುವಿಗೆ ಹುಲ್ಲು ಹಾಕು. ಅವ್ವನಿಗೆ ಮುದ್ದೆ ಮಾಡಿಕೊಡು, ಹಿಟ್ಟು ಗಡಿಗೆಯಲ್ಲಿದೆ. ಆಸ್ಪತ್ರೆ ಕಡೆ ಮಾತ್ರ ಬರಬೇಡ. ಈಗ ನಿನ್ನ ಮುಖ ಕಂಡರೆ ಕೈ ಮಾಡಿಬಿಡುತ್ತೇನೆ.

ಮಗು ಕದ್ದು ತಿಂದಿತು ಅಂತ ಅವ್ವ ಹೇಳಿದರೆ ನಂಬಬೇಡ. ಉಸಿರು ಸಿಗದಿದ್ದರೂ ಅದು ತಾಯಿಯ ಸೆರಗು ಹಿಡಿದುಕೊಂಡು, “ಡಬ್ಬದ್ ಮ್ಯಾಲೆ ಓದ್ಕಂಡೇ ತಿಂದೆ ಕಣವ್ವ” ಅಂದಿತು.

ಅವಳಿಗೆ ಅಕ್ಷರ ಕಲಿಸಿದವನು ನೀನು.