ಕನ್ನಡಕದವರಿಗೊಂದು ದುರ್ಬೀನು

ಮುಳಬಾಗಿಲು
೧೪ ಡಿಸೆಂಬರ್ ೨೦೨೪

ಪ್ರೀತಿಯ ಶ್ಯಾಮಲ,

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತೇ? ದೀಪಾವಳಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಇವತ್ತು ಉತ್ತರ ಬರೆಯಲು ಕೂತಿದ್ದೇನೆ. ಬೈದುಕೊಂಡಿರುತ್ತೀಯ, ಇನ್ನೊಂದು ಸಲ ಬೈದುಕೋ. ಫೋನು ಮಾಡಬಹುದಿತ್ತು. ಕೈಗೆತ್ತಿಕೊಂಡು ಹಾಗೇ ಇಟ್ಟುಬಿಟ್ಟೆ. ಬಾಯಿ ಬಿಟ್ಟು ಹೇಳುವಷ್ಟು ತ್ರಾಣ ಇರಲಿಲ್ಲ. ಅಕ್ಷರ ದಪ್ಪದಪ್ಪ ಬರುತ್ತಿದೆ, ಸಾಲುಗಳು ಏರಿಳಿದಿವೆ. ಹೊಂದಿಸಿಕೊಂಡು ಓದು.

ಮೊದಲು ನೀನು ಕೇಳಿದ್ದು. ಹಳೆಯ ದುರ್ಬೀನಿನ ಭಾರವನ್ನು ಕತ್ತು ತಡೆಯುವುದಿಲ್ಲ, ಈಗ ಕನ್ನಡಕವೂ ಬಂದಿದೆ, ಜಂಬದ ಚೀಲದಲ್ಲಿ ಹಿಡಿಸುವಂಥ ಪುಟ್ಟದು ಯಾವುದಾದರೂ ನೋಡು ಎಂದು ಬರೆದಿದ್ದೆ. ‘ನೀನು ಚಿಕ್ಕಂದಿನಿಂದ ಕನ್ನಡಕದವಳು, ನಿನಗೇ ಗೊತ್ತಾಗೋದು’ ಎಂದೂ ಸೇರಿಸಿದ್ದೆ. ಕೋಲಾರದಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರುವ ನಂದೀಶನಿಗೆ ಹೇಳಿದೆ. ನನ್ನ ಹಳೆಯ ವಿದ್ಯಾರ್ಥಿ. ಹಸಿರು, ಬೂದು, ಕಪ್ಪು ಅಂತ ಮೂರು ಪುಟ್ಟ ದುರ್ಬೀನುಗಳನ್ನು ಮನೆಗೇ ತಂದುಕೊಟ್ಟ. “ನಿಧಾನಕ್ಕೆ ನೋಡಿ ಮೇಡಂ, ಅಂಗಡಿ ಟ್ಯೂಬ್‌ಲೈಟಲ್ಲಿ ಏನೂ ಗೊತ್ತಾಗಲ್ಲ” ಎಂದ.

ನಮ್ಮ ಯಜಮಾನರ ಸ್ಕೂಟರಿನ ಹಿಂದೆ ಕೂತು ತಾಯಲೂರಿನ ಕೆರೆ ಕಟ್ಟೆಗೆ ಹೋದೆ. ನೀರಿನಾಚೆ ಒಂದು ಕರೆಂಟು ಕಂಬವಿದೆ. ಗಾಜಿನ ಗುಣ ನೋಡಲು ನೆಟ್ಟಗಿರುವ ವಸ್ತುವೇ ಬೇಕಲ್ಲ, ಅದನ್ನೇ ಹಿಡಿದೆ. ಹಸಿರು ದುರ್ಬೀನಿನಲ್ಲಿ ಕಂಬ ನಡುವೆಯೇ ಬಳುಕಿದಂತೆ ಕಂಡಿತು. ಕಳಪೆ ಮಾಲು ಎಂದುಕೊಂಡೆ. ಬೂದು ಬಣ್ಣದ್ದರಲ್ಲಿಯೂ ಹಾಗೇ. ಕಪ್ಪಿನಲ್ಲಿಯೂ ಹಾಗೇ, ಜೊತೆಗೆ ನಡುವೆ ಎಣ್ಣೆ ಸವರಿದಂತೆ ಮಸುಕು. ಮನೆಗೆ ಬಂದು ನಂದೀಶನಿಗೆ ಫೋನಿನಲ್ಲಿ ಚೆನ್ನಾಗಿ ಹೇಳಿದೆ, ಕನ್ನಡಕದ ಮೇಷ್ಟ್ರಮ್ಮನಿಗೆ ಏನು ಕೊಟ್ಟರೂ ನಡೆಯುತ್ತದೆ ಅಂದುಕೊಂಡೆಯಾ ಎಂದು. ಪಾಪ, ಆ ಭಾನುವಾರ ಅಂಗಡಿ ಮುಚ್ಚಿ ಅವನೇ ಕೆರೆಗೆ ಬಂದ.

ಮೂರನ್ನೂ ನೋಡಿ, “ಮೇಡಂ, ನಂಗೆ ಕಂಬ ನೆಟ್ಟಗೇ ಕಾಣ್ತದೆ” ಎಂದ.

“ಸರಿಯಾಗಿ ನೋಡೋ. ಅಂಚಲ್ಲಿ ಬಾಗಿದ್ರೆ ಒಪ್ಕೋತೀನಿ, ಸಣ್ಣ ದುರ್ಬೀನಲ್ಲಿ ಅದು ಇದ್ದಿದ್ದೇ. ನಡುವಲ್ಲಿ ಬಾಗಬಾರ್ದು.”

ನಮ್ಮ ಯಜಮಾನರು ಅವನ ಕೈಯಿಂದ ಇಸಿದುಕೊಂಡು ನೋಡಿದರು. “ಕಂಬ ಕಂಬದ ಥರಾನೇ ಐತಲ್ಲೇ.”

ನನಗೆ ಸಿಟ್ಟು ಬಂತು. ಎಡ, ಬಲ ಎರಡು ಕೊಳವೆಗಳಲ್ಲಿ ಯಾವುದರ ದೋಷ ಎಂದು ತೋರಿಸಿಯೇ ಬಿಡೋಣ ಅಂತ ಒಂದೊಂದೇ ಕಣ್ಣಲ್ಲಿ ನೋಡಿದೆ. ಬಲಗಡೆ ಬಳುಕು ಜಾಸ್ತಿ. ದುರ್ಬೀನನ್ನು ಬುಡಮೇಲು ಮಾಡಿ ಹಿಡಿದರೆ ಬಲದ ಕೊಳವೆ ಎಡಗಣ್ಣಿಗೆ ಬರುತ್ತದೆ. ದೋಷ ಗಾಜಿನದಾದರೆ ಅದೂ ಎಡಗಣ್ಣಿಗೆ ಬರಬೇಕು. ಬರದಿದ್ದರೆ? ನೀನೂ ವಿಜ್ಞಾನ ಪಾಠ ಮಾಡಿದವಳು, ಬಿಡಿಸಿ ಹೇಳಬೇಕಾಗಿಲ್ಲ. ಬುಡಮೇಲು ಮಾಡಿ ಕೈಯಲ್ಲಿ ಹಿಡಿದೆನೇ ಹೊರತು ಕಣ್ಣಿಗೆ ಇಡಲು ಧೈರ್ಯ ಬರಲಿಲ್ಲ. ನೀರುಕಾಗೆಯೊಂದು ಮುಳುಗಿ ಇನ್ನೆಲ್ಲೋ ಎದ್ದಿತು. “ಯಾಕೆ, ನೋಡಲ್ವಾ?” ಎಂದರು ಇವರು.

ಇಟ್ಟು ನೋಡಿದೆ. ಬಳುಕು ಬಲಗಣ್ಣಲ್ಲೇ ಉಳಿದಿತ್ತು. ದುರ್ಬೀನು ಕೆಳಗಿಳಿಸಿ, ಎಡಗಣ್ಣು ಮುಚ್ಚಿ, ಬರೀ ಕನ್ನಡಕದಲ್ಲಿ ರಸ್ತೆ ಬದಿಯ ಕಂಬ ನೋಡಿದೆ. ಅದೂ ಬಳುಕಿತು.

“ನಿನ್ನ ಮಾಲು ಚೆನ್ನಾಗಿದೆ ಕಣೋ ನಂದೀಶ” ಎಂದೆ.

ಅವನಿಗೆ ಅರ್ಥವಾಯಿತು. ದುರ್ಬೀನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ, ನನ್ನ ಕಡೆ ನೋಡದೆ, “ನಾಳೆ ಕಾರ್ ತರ್ತೀನಿ ಮೇಡಂ, ಕಣ್ಣಾಸ್ಪತ್ರೆಗೆ ಹೋಗ್ಬರೋಣ” ಎಂದ.

ಆಸ್ಪತ್ರೆಯ ಕಥೆ ಏನು ಬರೆಯಲಿ. ಔಷಧಿ ಹನಿ ಹಾಕಿ ಕೂರಿಸುತ್ತಾರೆ, ಮತ್ತೆ ಹಾಕುತ್ತಾರೆ, ಮತ್ತೆ ಕೂರಿಸುತ್ತಾರೆ. ಡಾಕ್ಟರಮ್ಮ ಒಳ್ಳೆಯವರು. “ವಯಸ್ಸಿಗೆ ಕಣ್ಣಿನ ಹಿಂದಿನ ಪರದೆ ನಡುಭಾಗದಲ್ಲಿ ಕೆಡ್ತಾ ಬಂದಿದೆ, ಎರಡೂ ಕಣ್ಣಲ್ಲಿ. ಇಂಜೆಕ್ಷನ್ ಕೊಟ್ಟು ಇಷ್ಟಕ್ಕೇ ನಿಲ್ಸೋಕೆ ನೋಡ್ತೀವಿ. ಹೋಗಿರೋದು ವಾಪಸ್ ಬರುತ್ತೆ ಅಂತ ಹೇಳಲಾರೆ” ಎಂದರು. ಪೂರ್ತಿ ಕುರುಡಾಗುವುದಿಲ್ಲವಂತೆ, ಸುತ್ತಲಿನದು ಕಾಣುತ್ತಲೇ ಇರುತ್ತದಂತೆ. ಇಂಜೆಕ್ಷನ್ ಕಣ್ಣಿಗೇ ಚುಚ್ಚುತ್ತಾರೆ ಶ್ಯಾಮಲ. ನೋವಿಗಿಂತ ಸುಸ್ತೇ ಹೆಚ್ಚು. ಮನೆಗೆ ಬಂದರೆ ಬೇರೇನೂ ಬೇಡ ಅನ್ನಿಸಿ ಗೋಡೆ ಕಡೆ ತಿರುಗಿ ಮಲಗುತ್ತೇನೆ. ಇವರು ಸಾರಿಗೆ ಉಪ್ಪು ಹಾಕುವುದನ್ನು ಇನ್ನೂ ಕಲಿಯುತ್ತಿದ್ದಾರೆ.

ಆದರೂ ನಿನ್ನ ಕೆಲಸ ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ. ಇವರೂ ಕನ್ನಡಕದವರೇ ತಾನೆ. ನಂದೀಶನಿಂದ ಮೂರನ್ನೂ ಮತ್ತೆ ತರಿಸಿ, ಕೆರೆಗೆ ಕರೆದುಕೊಂಡು ಹೋಗಿ ಅವರ ಕಣ್ಣಿಗೆ ಹಿಡಿಸಿದೆ.

“ಬೆಳ್ಳಕ್ಕಿ ಅಂಚಲ್ಲಿ ಬಣ್ಣ ಏನಾದ್ರೂ ಕಾಣ್ತದಾ?”

“ಬೆಳ್ಳಕ್ಕಿಗೆ ಯಾವ ಬಣ್ಣ ಇರ್ತದೆ? ಬಿಳೀನೇ.”

“ಆಕಾಶದ ಕಡೆ ಇರೋ ಅಂಚು ನೋಡಿ ಅಂದ್ರೆ.”

“ಹ್ಞಾ, ಐತೆ ಐತೆ. ಸೀರೆಗೆ ನೇರಳೆ ಅಂಚು ಹಚ್ಚಿದಂಗೆ.”

ಹಸು ಹೊಡೆದುಕೊಂಡು ಬಂದ ಚಿಕ್ಕಗಂಗಮ್ಮ ನಿಂತು ನೋಡಿ, ತೆಲುಗಿನಲ್ಲಿ “ಚೂಸೇದಿ ಸಾರು, ಅಡಿಗೇದಿ ನುವ್ವಾ?” ಎಂದು ನಕ್ಕಳು. ನೋಡೋರು ಅವರು, ಕೇಳೋಳು ನಾನು, ಹೌದು ಎಂದು ನಾನೂ ನಕ್ಕೆ. ಮದುವೆಯಾದಾಗಿನಿಂದ ನಾನು ಹಕ್ಕಿ ನೋಡುವಾಗ ಇವರು ಸ್ಕೂಟರಿನ ಮೇಲೆ ಕೂತು ಪೇಪರು ಓದಿದವರು. ಅವತ್ತು ಬಿಸಿಲೇರಿದರೂ ಹೋಗೋಣ ಎನ್ನಲಿಲ್ಲ.

ಈಗ ತೀರ್ಮಾನ ಕೇಳು. ಹಸಿರಿನದು ಬೇಡ. ಕನ್ನಡಕ ಹಾಕಿಕೊಂಡು ನೋಡಿದರೆ ಪೂರ್ತಿ ವೃತ್ತ ಸಿಗುವುದಿಲ್ಲ, ಬೀಗದ ತೂತಿನಲ್ಲಿ ಇಣುಕಿದಂತೆ ನಡುವಿನದಷ್ಟೇ. ಬೂದು ಬಣ್ಣದ್ದರಲ್ಲಿ ವೃತ್ತ ಸಿಗುತ್ತದೆ, ಆದರೆ ಅಂಚು ಮಸುಕು, ನೇರಳೆ ಗೆರೆ ಬೇರೆ. ಕಪ್ಪನ್ನು ತೆಗೆದುಕೋ. ಕಣ್ಣಿಡುವ ರಬ್ಬರು ಬಟ್ಟಲನ್ನು ತಿರುಗಿಸಿ ಪೂರ್ತಿ ಒಳಗಿಳಿಸಿದರೆ ಕನ್ನಡಕದವರಿಗೂ ಇಡೀ ನೋಟ ಸಿಗುತ್ತದೆ. ಸಂಜೆ ಹೊತ್ತಿಗೆ ಕೊಂಚ ಮಂಕು, ಪುಟ್ಟ ಗಾಜು ಅಷ್ಟೇ ಬೆಳಕು ಹಿಡಿಯುವುದು. ಬೇರೆ ಯಾವುದಾದರೂ ಕೊಳ್ಳುವುದಾದರೆ ಡಬ್ಬಿಯ ಮೇಲೆ ಐ ರಿಲೀಫ್ ಎಷ್ಟು ಎಂದು ಓದು. ಗಾಜಿನಿಂದ ಕಣ್ಣು ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ಕಾಣುತ್ತದೆ ಎನ್ನುವ ಲೆಕ್ಕ ಅದು. ಹದಿನೈದು ಮಿಲಿಮೀಟರಿಗೆ ಕಡಿಮೆಯಿದ್ದರೆ ಮುಟ್ಟಬೇಡ. ಡಬ್ಬಿಯನ್ನೇ ನಂಬಿಕೊಂಡೂ ಕೂರಬೇಡ, ನಿನ್ನದೇ ಕನ್ನಡಕ ಹಾಕಿಕೊಂಡು ಅಂಗಡಿಯ ಹೊರಗೆ ನಿಂತು ನೋಡು. ಕಣ್ಣು ಸ್ವಲ್ಪ ಸರಿದರೆ ಸಾಕು, ಅವರೆಕಾಳಿನಂಥ ಕಪ್ಪು ನೆರಳು ಓಡಾಡುತ್ತದೆ ಅನ್ನಿಸಿದರೆ ಅದೂ ಬೇಡ. ಹತ್ತು ಪಟ್ಟು, ಹನ್ನೆರಡು ಪಟ್ಟು ದೊಡ್ಡದು ಅಂದರೆ ಮರುಳಾಗಬೇಡ, ನಮ್ಮ ವಯಸ್ಸಿನ ಕೈಗೆ ಎಂಟು ಸಾಕು.

ಕಪ್ಪನ್ನು ನಂದೀಶನ ಹತ್ತಿರ ನಿನ್ನ ಹೆಸರಿಗೆ ಎತ್ತಿಡಿಸಿದ್ದೇನೆ. ಕೆರೆಗೆ ಬಾತುಗಳು ಬಂದಿವೆ. ಕತ್ತು ಒಪ್ಪಿದರೆ ಮಾಸ್ತಿಯಿಂದ ಬೆಳಗಿನ ಬಸ್ಸಿಗೇ ಹೊರಟು ಬಾ, ಇಬ್ಬರೂ ಕಟ್ಟೆಯ ಮೇಲೆ ಕೂರೋಣ. ನೀನು ನೋಡಿ ಹೇಳು, ನಾನು ಹೆಸರು ಹೇಳುತ್ತೇನೆ. ನಿನ್ನ ಮಗ ಸೊಸೆಗೆ ಒಳ್ಳೆಯದಾಗಲಿ, ಮೊಮ್ಮಗಳಿಗೆ ನನ್ನದೊಂದು ಮುತ್ತು.

ನಿನ್ನ,
ಮುನಿಲಕ್ಷ್ಮಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ದಸರಾ ಕಳೆದ ಮೇಲೆ ರಮ್ಯ ಬಂದಿದ್ದಳು. ತಾನು ಇಷ್ಟಪಟ್ಟವನನ್ನು ಮದುವೆಯಾಗಿ ಹೋದ ಮೇಲೆ ಮಗಳು ಈ ಮನೆಗೆ ಬಂದದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಯಾವತ್ತೋ ಹೋಗಿತ್ತು ಕಣೇ. ಎದುರಿಗೆ ಕೂತಳು. ನೇರ ನೋಡಿದರೆ ಅವಳ ಮುಖ ಇರಬೇಕಾದ ಕಡೆ ಬರೀ ಮಸುಕು. ಕನ್ನಡಕದ ನಂಬರು ಬದಲಾಗಿರಬೇಕು ಅಂದುಕೊಂಡೆ. ಅವಳ ಪಕ್ಕದ ಕಿಟಕಿ ಪರದೆಯ ಮೇಲೆ ಕಣ್ಣಿಟ್ಟರೆ ಹೇಗೋ ಅವಳ ಕಣ್ಣು, ಮೂಗು ಕಾಣುತ್ತಿದ್ದವು. ಅದಕ್ಕೇ ಉದ್ದಕ್ಕೂ ಪರದೆ ನೋಡುತ್ತಲೇ ಮಾತಾಡಿದೆ. ಊಟಕ್ಕೂ ನಿಲ್ಲದೆ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ಅವರಪ್ಪನಿಗೆ, “ಅಮ್ಮ ನನ್ನ ಮುಖಾನೂ ನೋಡ್ಲಿಲ್ಲಪ್ಪ. ಇನ್ನು ಬರಲ್ಲ” ಎಂದಳಂತೆ. ಆಸ್ಪತ್ರೆಗೆ ಹೋಗಿಬಂದ ಮೇಲಷ್ಟೇ ಇವರು ಅದನ್ನು ನನಗೆ ಹೇಳಿದ್ದು. ನಮ್ಮಿಬ್ಬರ ಫೋನೂ ಅವಳು ಎತ್ತುತ್ತಿಲ್ಲ. ನಿನ್ನ ಮಾತು ಕೇಳುತ್ತಾಳೆ. ಮಾಲೂರಿಗೆ ಹೋದಾಗ ಅವಳ ಮನೆಗೆ ಹೋಗಿ ಹೇಳು: ಅಮ್ಮ ಅವತ್ತು ನಿನ್ನ ಮುಖವನ್ನೇ ನೋಡುತ್ತಿದ್ದಳು ಅಂತ.