ಕೇಳಿಸದ ನಗು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇವಳಿಗೇನಾಯಿತು, ಕಾಗದ ಬರೆದಿದ್ದಾಳಲ್ಲ ಎಂದು ಹುಬ್ಬೇರಿಸಿರುತ್ತೀಯ. ಮೆಸೇಜಿನಲ್ಲಿ ಹೇಳುವ ಮಾತಲ್ಲ ಇದು. ನಮ್ಮ ಶೂಟಿಂಗ್ ಯೂನಿಟ್ಟಿನ ಡ್ರೈವರ್ ನಿಮ್ಮ ಕಡೆಗೇ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತಿದ್ದೇನೆ. ಗಾಬರಿಯಾಗಬೇಡ ಎನ್ನೋಣವೆಂದರೆ ಗಾಬರಿಯಾಗಿರುವವಳು ನಾನೇ. ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ನನ್ನ ಕಿವಿ ಹೋಗುತ್ತಿದೆ.

ಜಾಹೀರಾತಿಗೆ ಎರಡು ಸಾಲಿನ ಜೋಕು ಬರೆಯುತ್ತಿದ್ದವಳು ಟಿವಿಗೆ ಬಂದು, ಕೊನೆಗೆ ನನ್ನದೇ ಹಾಸ್ಯ ಧಾರಾವಾಹಿ ಕಟ್ಟಿದ್ದು ನೀನು ಕಂಡದ್ದೇ. ವಾರವಾರ ಜನರನ್ನು ಕೂರಿಸಿ, ಅವರೆದುರೇ ಶೂಟಿಂಗ್. ನಾನು ಕ್ಯಾಮೆರಾ ಹಿಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಯಾವ ಮಾತಿಗೆ ನಗು ಚಿಮ್ಮಿತು, ಯಾವುದಕ್ಕೆ ಬರೀ ಮರ್ಯಾದೆಗೆ ಬಂತು ಎಂದು ಕಿವಿಗೆ ಬಿದ್ದರೆ ಎಲ್ಲಿ ಕತ್ತರಿ ಹಾಕಬೇಕೆಂದು ತಿಳಿಯುತ್ತಿತ್ತು. ಹೋದ ವರ್ಷದಿಂದ ಆ ನಗು ಪಕ್ಕದ ಮನೆಯಿಂದ ಬಂದಂತೆ ಕೇಳತೊಡಗಿತು. ಯಾರಿಗೂ ಹೇಳಲಿಲ್ಲ. ಕಣ್ಣು ತೆರೆದು ಜನರ ಭುಜ ನೋಡಲು ಕಲಿತೆ. ಭುಜ ಕುಲುಕಿದರೆ ಜೋಕು ಗೆದ್ದಂತೆ.

ಹೋದ ಶನಿವಾರ ಕರೆಂಟು ಹೋದ ದೃಶ್ಯವಿತ್ತು. ಜನ ಕೂತ ಕಡೆಯ ದೀಪವನ್ನೂ ಆರಿಸಿದ್ದರು. ಧಾರಾವಾಹಿಯಲ್ಲಿ ಮಾವನ ಪಾತ್ರ ಮಾಡುವ ಹಿರಿಯ ನಟರು ಮೇಣದಬತ್ತಿ ಹಿಡಿದು ಬಂದು, ಕನ್ನಡಿಯಲ್ಲಿ ತಮ್ಮನ್ನೇ ಕಂಡು, "ಯಾರಪ್ಪಾ ನೀನು, ನಮ್ಮನೇಲಿ ನಮ್ದೇ ಮೇಣದಬತ್ತಿ ಹಿಡ್ಕೊಂಡು?" ಅಂದರು. ನಿಶ್ಶಬ್ದ. ಅವರು ಮುಂದಿನ ಮಾತಾಡದೆ ನಿಂತೇ ಇದ್ದರು. ಜೋಕು ಸತ್ತಿತು, ಇವರು ಮಾತೂ ಮರೆತರು ಎಂದುಕೊಂಡೆ. ಕಟ್ ಎಂದು ಕೂಗಿ ಎಲ್ಲರೆದುರು ಗದರಿಬಿಟ್ಟೆ. ದೀಪ ಹತ್ತಿದಾಗ ನೋಡಿದರೆ, ಮುಂದಿನ ಸಾಲಿನ ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

ಮೇಕಪ್ ಕೋಣೆಯಲ್ಲಿ ಅವರು ಕುರ್ಚಿ ಹತ್ತಿರಕ್ಕೆಳೆದು, ಗಟ್ಟಿಯಾಗಿ ಬಿಡಿಸಿ ಬಿಡಿಸಿ ಹೇಳಿದರು: "ಮೇಡಂ, ಜನ ನಗೋದು ನಿಲ್ಲಿಸ್ಲಿ ಅಂತ ಕಾಯ್ತಿದ್ದೆ. ನಿಮಗೆ ಕೇಳಿಸ್ಲೇ ಇಲ್ವಾ?" ನಾನು ಕ್ಷಮೆ ಕೇಳಿದೆ. "ಅದಿರ್ಲಿ, ಮೊದಲು ಡಾಕ್ಟರ್ ಹತ್ರ ಹೋಗಿ" ಅಂದರು.

ನಿನ್ನೆ ಹೋದೆ. ಎರಡೂ ಕಿವಿಯ ನರ ಸೋಲುತ್ತಿದೆಯಂತೆ. ಯಂತ್ರ ಹಾಕಿಕೊಂಡರೆ ಎದುರು ಕೂತವರ ಮಾತು ಅಷ್ಟಿಷ್ಟು ಸಿಗಬಹುದು. ತುಂಬಿದ ಸಭೆಯ ನಗು ಹೇಗೆ ಕೇಳುತ್ತದೆ ಎಂದೆ. ಬರೀ ಗದ್ದಲ ಎಂದು ಡಾಕ್ಟರ್ ಚೀಟಿಯಲ್ಲಿ ಬರೆದು ತೋರಿಸಿದರು. ಆ ಚೀಟಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಂದೆ ಅಕ್ಕಾ.

ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ಇವತ್ತು ಬೆಳಗ್ಗೆ ಚಾನೆಲ್ ಮುಖ್ಯಸ್ಥರ ಕೋಣೆಗೆ ನಾನೇ ಹೋದೆ. "ಸರ್, ನನಗೆ ಕಿವಿ ಕೇಳಿಸ್ತಿಲ್ಲ" ಅಂದೆ. ಹೊಸ ಜೋಕೆಂದುಕೊಂಡು ಭುಜ ಕುಲುಕಿಸಿದರು. ಮತ್ತೆ ಹೇಳಿದೆ. ಮುಖ ಇಳಿಯಿತು. ಎದ್ದು ಕಿಟಕಿಯತ್ತ ತಿರುಗಿ ಬಹಳ ಹೊತ್ತು ಏನೋ ಹೇಳಿದರು. ನನಗೆ ಕಂಡದ್ದು ಬೆನ್ನು ಮಾತ್ರ. ಏನಂದಿರಿ ಎಂದು ಕೇಳಲು ಧೈರ್ಯವಾಗಲಿಲ್ಲ. ಅವರು ಇತ್ತ ತಿರುಗಿದಾಗ ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ ಬಂದುಬಿಟ್ಟೆ. ಕೆಲಸ ಉಳಿಯಿತೋ ಹೋಯಿತೋ ಗೊತ್ತಿಲ್ಲ. ಶನಿವಾರ ಸ್ಟುಡಿಯೋ ಗೇಟಿನಲ್ಲಿ ಒಳಗೆ ಬಿಟ್ಟರೆ ಉಳಿದಿದೆ ಎಂದುಕೊಳ್ಳಬೇಕು.

ಒಬ್ಬಳೇ ಹೋಗಲು ಭಯವಾಗುತ್ತದೆ. ಬರುತ್ತೀಯಾ? ಪಕ್ಕದಲ್ಲಿ ನಿಂತು, ಜನ ನಕ್ಕಾಗ ನನ್ನ ಕೈ ಅದುಮಿದರೆ ಸಾಕು.

ನಿನ್ನ
ಬಾಯಿಬಡುಕಿ

ತಾ.ಕ.: ಇದನ್ನೇ ಮೊದಲು ಬರೆಯಬೇಕಿತ್ತು. ಭಾನುವಾರ ನೀನು ಫೋನಿನಲ್ಲಿ ಬಹಳ ಹೊತ್ತು ಏನೋ ಹೇಳಿದೆ. ಭಾವನ ಯಾವುದೋ ತಮಾಷೆ ಇರಬೇಕೆಂದು ನಾನು ಜೋರಾಗಿ ನಕ್ಕೆ. ನೀನು ಫೋನಿಟ್ಟುಬಿಟ್ಟೆ. ಆಮೇಲಿಂದ ನೀನು ಫೋನ್ ಮಾಡಿಲ್ಲ, ಭಾವನ ಫೋನೂ ಸ್ವಿಚ್ ಆಫ್ ಆಗಿದೆ. ಅಕ್ಕಾ, ಅವತ್ತು ನೀನು ಹೇಳಿದ್ದೇನು?